ಪಾರ್ಶ್ವವಾಯು ರೋಗಿಯನ್ನು ವಾರ್ಡಿಗೆ ಕಳುಹಿಸುವಾಗ ಎಚ್ಚರವಿರಲಿ

ಪಾರ್ಶ್ವವಾಯು ಬಡಿದ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗಬೇಕೆಂಬುದನ್ನು ಈಗ ಅನೇಕರು ಬಲ್ಲರು. ಆಮೇಲೆ ವಾರ್ಡಿನಲ್ಲಿ ನಡೆಯುವುದರ ಬಗ್ಗೆ ಯಾರೂ ಹೇಳುವುದಿಲ್ಲ. ನಮ್ಮ ತಂದೆಯವರಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕಿತು, ಐಸಿಯುವಿನ ಆರೈಕೆಯೂ ಚೆನ್ನಾಗಿತ್ತು. ಕೆಟ್ಟದ್ದೆಲ್ಲ ಆದದ್ದು ವಾರ್ಡಿಗೆ ಬಂದ ಮೇಲೆ.

ಪಾರ್ಶ್ವವಾಯುವಿನಲ್ಲಿ ಕೈಕಾಲುಗಳಂತೆ ಗಂಟಲಿನ ಸ್ನಾಯುಗಳೂ ಸೋಲುವುದುಂಟು. ಆದ್ದರಿಂದ ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಬಾಯಿಗೆ ನೀರನ್ನೂ ಹಾಕಬಾರದು. ಇಲ್ಲಿ ಆಯಾ ಬಂದು, ಮಲಗಿದ್ದವರ ತಲೆಯನ್ನು ಒಂದು ಕೈಯಲ್ಲಿ ಎತ್ತಿ, ಸಾಂಬಾರಿನಲ್ಲಿ ನೆನೆಸಿದ ಇಡ್ಲಿಯನ್ನು ತಿನ್ನಿಸಿದರು. ತಂದೆಯವರು ಕೆಮ್ಮಿದರು, ದನಿಯಲ್ಲಿ ಗೊರಗೊರ ಸದ್ದು ಬಂತು. ಸಿಸ್ಟರನ್ನು ಕೇಳಿದರೆ, "ಕಫ ಅಷ್ಟೇ, ಗಾಬರಿಯಾಗಬೇಡಿ" ಎಂದರು. ಆಮೇಲೆ ಜ್ವರ ಏರಿ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆಯೆಂದು ಪುನಃ ಐಸಿಯುವಿಗೆ ಸಾಗಿಸಬೇಕಾಯಿತು. ಕೇಸ್ ಶೀಟಿನಲ್ಲಿ ನುಂಗುವ ಪರೀಕ್ಷೆಯ ಕಾಲಂ ಖಾಲಿಯಿತ್ತು.

ಬಲಗೈ ಪೂರ್ತಿ ಬಿದ್ದುಹೋಗಿದ್ದರೂ ಕರೆಗಂಟೆಯನ್ನು ಬಲಗಡೆಯ ಕಂಬಿಗೇ ಕಟ್ಟಿದ್ದರು. ಕೂರಿಸುವಾಗ ಆ ಸೋತ ಕೈಯನ್ನೇ ಹಿಡಿದೆಳೆಯುತ್ತಿದ್ದರು. ಭುಜದ ಕೀಲು ಸಡಿಲವಾಗಿದೆಯೆಂದು ಫಿಸಿಯೋಥೆರಪಿಯವರು ತಿಳಿಸಿದಾಗಲೇ ಆ ನರಳಾಟದ ಕಾರಣ ಗೊತ್ತಾದದ್ದು. ಮಾತು ನಿಂತಿತ್ತೇ ಹೊರತು ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಹಾಗಿದ್ದೂ ಪರದೆ ಎಳೆಯದೆ ಡೈಪರ್ ಬದಲಿಸುತ್ತಾ, "ಇವರಿಗೇನೂ ತಿಳಿಯೋದಿಲ್ಲ ಬಿಡಿ" ಎಂದು ಅವರೆದುರೇ ಆಡಿದರು. ಜೀವನವಿಡೀ ಮೇಷ್ಟ್ರಾಗಿದ್ದವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ನ್ಯುಮೋನಿಯಾವನ್ನಾದರೂ ಮರೆತೇನು, ಇದನ್ನು ಮರೆಯಲಾರೆ.

ಸಿಸ್ಟರುಗಳನ್ನಷ್ಟೇ ದೂರುವುದು ಸರಿಯಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬರೇ ಇರುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸವನ್ನು ನಾವೇ ಮಾಡಿದೆವು. ಬಿಲ್ಲಿನಲ್ಲಿ ಮಾತ್ರ ನರ್ಸಿಂಗ್ ಶುಲ್ಕ ದಿನ ತಪ್ಪದೆ ಸೇರುತ್ತಿತ್ತು.

ಆದ್ದರಿಂದ ವಾರ್ಡಿಗೆ ಬಂದ ಕೂಡಲೇ ನುಂಗುವ ಪರೀಕ್ಷೆ ಯಾರು, ಯಾವಾಗ ಮಾಡಿದರೆಂದು ಡ್ಯೂಟಿ ಡಾಕ್ಟರನ್ನು ಕೇಳಿ, ಅದನ್ನು ಬರೆಸಿ. ಬಾಯಿಂದ ಕೊಡಬಹುದೆಂದು ಅವರು ಹೇಳಿದ ಮೇಲೂ ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು, ತಿಂದೊಡನೆ ಮಲಗಿಸಬಾರದು. ಗಂಟೆಯ ಗುಂಡಿ ಗಟ್ಟಿಯಿರುವ ಕೈಗೆ ಎಟುಕಲಿ. ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಯ ಚರ್ಮವನ್ನು ದಿನವೂ ನೀವೇ ನೋಡಿ. ಅಲ್ಲಿ ಕೆಂಪಾಗಿ, ಒತ್ತಿದರೂ ಆ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ.

ಲೋಪವಾಗಿದ್ದರೆ ವೈದ್ಯಕೀಯ ದಾಖಲೆಗಳ ನಕಲನ್ನು ಲಿಖಿತವಾಗಿ ಕೇಳಿ. ನಿಯಮದ ಪ್ರಕಾರ 72 ಗಂಟೆಗಳೊಳಗೆ ಕೊಡಬೇಕು. ಖಾಸಗಿ ಆಸ್ಪತ್ರೆಗಳ ಮೇಲಿನ ದೂರನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಕೊಡಬಹುದು. ನಾವು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ಮುಗಿದಿಲ್ಲ.