ನಾಲ್ಕು ಎಳೆಯೋ, ಎಂಟು ಎಳೆಯೋ? ಬ್ರೇಡ್ ಲೈನ್ ಆರಿಸುವ ಮೊದಲು

ಬ್ರೇಡ್ ಲೈನ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ಮೀನು ಹಿಡಿಯುವ ದಾರ, ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲಿನ ಪೌಂಡ್ ಸಂಖ್ಯೆಗೆ, ಅಂದರೆ ದಾರ ಎಷ್ಟು ಭಾರ ತಡೆಯುತ್ತದೆ ಅನ್ನುವುದಕ್ಕೆ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಎಷ್ಟು ಎಳೆ ಹೆಣೆದಿದ್ದಾರೆ, ದಾರ ಎಷ್ಟು ದಪ್ಪ ಇದೆ, ಇವೆರಡು ಮೊದಲು. ನಾಲ್ಕು ಎಳೆಯ 30 ಪೌಂಡ್ ಲೈನು, ಎಂಟು ಎಳೆಯ 30 ಪೌಂಡ್ ಲೈನು, ಎರಡನ್ನೂ ಒಂದೇ ತರದ ರೀಲ್‌ಗಳಿಗೆ ಸುತ್ತಿ, ಅದೇ ರಾಡಿನಲ್ಲಿ ಬದಲಾಯಿಸಿ ಎಸೆದು ನೋಡಿದ್ದೇನೆ. ಸಂಖ್ಯೆ ಒಂದೇ ಆದರೂ ಎರಡೂ ಬೇರೆ ಬೇರೆ ಕೆಲಸದ ದಾರಗಳು.

ನೂಲು ಮಾತ್ರ ಎರಡಕ್ಕೂ ಒಂದೇ ಜಾತಿಯದು. ಪಾಲಿಎಥಿಲೀನ್‌ನಿಂದ ತೆಗೆದ ಬಹಳ ಗಟ್ಟಿ ನೂಲು, ಡೈನೀಮಾ ಅಥವಾ ಸ್ಪೆಕ್ಟ್ರಾ ಹೆಸರಿನಲ್ಲಿ ಸಿಗುತ್ತದೆ. ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ತೇಲುತ್ತದೆ. ನೈಲಾನ್‌ನಂತೆ ಹಿಗ್ಗುವುದಿಲ್ಲ. ದೂರದಲ್ಲಿ ಮೀನು ಸುಮ್ನೆ ಮೂತಿ ತಾಗಿಸಿದರೂ ಕೈಗೆ ಗೊತ್ತಾಗುತ್ತದೆ. ತೆಳ್ಳಗಿದ್ದರೂ ಬಲ ಜಾಸ್ತಿ: ಪವರ್‌ಪ್ರೋ ಕಂಪನಿಯ 20 ಪೌಂಡ್ ಲೈನಿನ ದಪ್ಪ 0.23 ಮಿ.ಮೀ., ಅಂದರೆ ಸುಮಾರು 6 ಪೌಂಡಿನ ನೈಲಾನ್‌ನಷ್ಟೇ.

ಜೊಂಡು, ತಾವರೆ ಎಲೆ, ದಟ್ಟ ಪಾಚಿ ಇರುವ ನೀರಿಗೆ ನಾನು ನಾಲ್ಕು ಎಳೆಯದನ್ನೇ ಹಾಕುತ್ತೇನೆ, ಅದೂ 50 ಪೌಂಡಿನದು. ಅಷ್ಟು ದೊಡ್ಡ ಮೀನು ಅಲ್ಲಿರುತ್ತದೆ ಅಂತಲ್ಲ. ಕೊಕ್ಕೆ ಇರುವ ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಎಳೆದಾಗ ಮೀನು ಹಾರಿ ಕಚ್ಚಿ, ತಕ್ಷಣ ಗಿಡಗಳ ಬುಡಕ್ಕೆ ನುಗ್ಗುತ್ತದೆ. ಆಗ ಎಳೆಯಬೇಕಾದ್ದು ಮೀನನ್ನಷ್ಟೇ ಅಲ್ಲ, ಅದರ ಜೊತೆಗಿನ ಸೊಪ್ಪಿನ ಹೊರೆಯನ್ನೂ. ನಾಲ್ಕು ಎಳೆಯ ಹೆಣಿಗೆಯ ಮೈ ಸ್ವಲ್ಪ ಒರಟು. ಅದು ಮೆದು ದಂಟುಗಳನ್ನು ಗರಗಸದಂತೆ ಕೊಯ್ದುಕೊಂಡು ಬರುತ್ತದೆ. ಒಂದೊಂದು ಎಳೆಯೂ ದಪ್ಪ ಇರುವುದರಿಂದ ಅಲ್ಲಲ್ಲಿ ತರಚಿದರೂ ಬಲ ಥಟ್ಟನೆ ಕುಸಿಯುವುದಿಲ್ಲ. ರಾಡಿನ ಉಂಗುರಗಳಲ್ಲಿ ಹಾಯುವಾಗ ಜರ್ರ್ ಅನ್ನುವ ಸದ್ದು ಇದ್ದೇ ಇದೆ. ಹತ್ತಿರಕ್ಕೆ ಎಸೆಯುವ ಈ ಕೆಲಸದಲ್ಲಿ ಅದರಿಂದ ಏನೂ ತೊಂದರೆ ಇಲ್ಲ.

ಬಯಲು ನೀರಿಗೆ ಬಂದರೆ ಲೆಕ್ಕವೇ ಬದಲು. ದಡದಿಂದ ಸಣ್ಣ ಲೂರನ್ನು (ಮೀನನ್ನು ಸೆಳೆಯುವ ಕೃತಕ ಎರೆ) ದೂರ ಎಸೆಯಬೇಕಾದಾಗ ಎಂಟು ಎಳೆಯದರ ಮುಂದೆ ನಾಲ್ಕು ಎಳೆಯದು ನಿಲ್ಲುವುದಿಲ್ಲ. ಎಂಟು ಎಳೆ ಹೆಣೆದ ದಾರ ದುಂಡಗೆ, ನುಣುಪಾಗಿರುತ್ತದೆ. ಉಂಗುರಗಳಲ್ಲಿ ಸದ್ದಿಲ್ಲದೆ ಜಾರುತ್ತದೆ. ಹಗುರ ಲೂರ್ ಎಸೆದಾಗ ದೂರದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಭಾರದ ಲೂರಿನಲ್ಲಿ ಅಷ್ಟೇನೂ ಇಲ್ಲ. ಡೈವಾ ಜೆ-ಬ್ರೇಡ್‌ನ ಎಂಟು ಎಳೆಯ ಲೈನು, ಸಫಿಕ್ಸ್ 832, ಎರಡನ್ನೂ ಈ ಕೆಲಸಕ್ಕೆ ಧಾರಾಳವಾಗಿ ಹೇಳುತ್ತೇನೆ. ಮೊದಲನೆಯದು ಕೈಗೆ ಹೆಚ್ಚು ಮೃದು. ಎರಡನೆಯದರಲ್ಲಿ ಏಳು ಎಳೆಗಳ ಜೊತೆ ಬೇರೆ ಜಾತಿಯ ಒಂದು ಎಳೆ ಸೇರಿಸಿರುತ್ತಾರೆ, ಅದು ಕೈಗೆ ಸ್ವಲ್ಪ ಗಟ್ಟಿ ಅನಿಸುತ್ತದೆ. ಗಾಳಿ ಇದ್ದ ದಿನ ನನ್ನ ಕೈ ಅದರ ಕಡೆಗೇ ಹೋಗುತ್ತದೆ. ಮೃದು ದಾರ ಸಡಿಲವಾದರೆ ಬೇಗ ಗೋಜಲಾಗುತ್ತದೆ. ಸ್ಪಿನ್ನಿಂಗ್ ರೀಲಿನ ಬೇಲನ್ನು (ದಾರವನ್ನು ಹಿಡಿದು ಸುತ್ತಿಸುವ ತಂತಿ ಕಮಾನು) ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಲ್ಲೇ ಮುಚ್ಚಿ, ಸುತ್ತುವ ಮೊದಲು ದಾರವನ್ನು ಒಮ್ಮೆ ಬಿಗಿಯಾಗಿ ಎಳೆದುಕೊಂಡರೆ ಆ ತಾಪತ್ರಯ ಬಹಳ ಕಡಿಮೆಯಾಗುತ್ತದೆ.

ಫೈರ್‌ಲೈನ್‌ನಂತಹ ಬೆಸೆದ ಲೈನುಗಳೂ ಇವೆ. ಎಳೆಗಳನ್ನು ಬಿಸಿಯಲ್ಲಿ ಅಂಟಿಸಿರುತ್ತಾರೆ. ಗಡುಸು, ಗೋಜಲು ಕಡಿಮೆ. ಬ್ರೇಡಿಗೆ ಹೊಸಬರಾದವರಿಗೆ ಒಳ್ಳೆಯದು. ಮೇಲಿನ ಹೊದಿಕೆ ಸವೆದ ಮೇಲೆ ಮಾತ್ರ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ.

ದೋಣಿಯಿಂದ ಆಳಕ್ಕೆ ಜಿಗ್ (ಭಾರದ ಲೋಹದ ಲೂರ್) ಇಳಿಸುವವರು ಎಂಟು ಎಳೆಯ, ಆದಷ್ಟು ತೆಳ್ಳಗಿನ ದಾರ ನೋಡಿ. ದಾರ ತೆಳ್ಳಗಾದಷ್ಟೂ ಸೆಳೆತ ಅದನ್ನು ಪಕ್ಕಕ್ಕೆ ತಳ್ಳುವುದು ಕಡಿಮೆ. ಪ್ರತಿ 10 ಮೀಟರಿಗೆ ಬಣ್ಣ ಬದಲಾಗುವ ಲೈನ್ ಆದರೆ ಜಿಗ್ ಎಷ್ಟು ಆಳದಲ್ಲಿದೆ ಅಂತ ಎಣಿಸಬಹುದು.

ಕಲ್ಲು, ಚಿಪ್ಪು, ಹವಳ ಇರುವ ತಳಕ್ಕೆ ಯಾವ ಬ್ರೇಡೂ ಒಂಟಿಯಾಗಿ ಆಗುವುದಿಲ್ಲ. ಬಿಗಿದು ನಿಂತ ಬ್ರೇಡ್ ಚೂಪು ಕಲ್ಲಿಗೆ ತಾಗಿದರೆ ಮುಗೀತು. ಅಲ್ಲಿ ಒಂದೆರಡು ಮೀಟರ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಬ್ರೇಡಿನ ತುದಿಗೆ ಜೋಡಿಸುವ ಪಾರದರ್ಶಕ ಪ್ಲಾಸ್ಟಿಕ್ ದಾರ, ಬೇಕೇ ಬೇಕು. ತಿಳಿ ನೀರಿನಲ್ಲೂ ಅದು ಬೇಕು, ಬ್ರೇಡ್ ಪಾರದರ್ಶಕ ಅಲ್ಲ ಅಲ್ವಾ? ಜೋಡಿಸಲು ಎಫ್‌ಜಿ ಗಂಟು ತೆಳ್ಳಗೆ ಕೂರುತ್ತದೆ, ಉಂಗುರಗಳಲ್ಲಿ ತೊಡರದೆ ಹೋಗುತ್ತದೆ. ಅಲುಗಾಡುವ ದೋಣಿಯಲ್ಲಿ ಅದನ್ನು ಕಟ್ಟುವುದು ಕಷ್ಟ, ಆಗ ಡಬಲ್ ಯೂನಿ ಗಂಟು ಸಾಕು. ಯಾವುದೇ ಗಂಟಾದರೂ ಒದ್ದೆ ಮಾಡಿ ಬಿಗಿಯಿರಿ. ಈ ನೂಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಜ್ಜಿದ ಬಿಸಿಗೂ ಹಾಳಾಗುತ್ತದೆ.

ಬೆಂಡು ಕಟ್ಟಿ ಎರೆಹುಳ ಹಾಕಿ ಕೂರುವವರಿಗೆ ನಾನು ಈಗಲೂ ಸಾದಾ ನೈಲಾನನ್ನೇ ಹೇಳುತ್ತೇನೆ. ಅದರ ಹಿಗ್ಗುವ ಗುಣವೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮೆತ್ತಗಿನ ಬಾಯಿಯ ಮೀನು ಒದ್ದಾಡಿದಾಗ ಕೊಕ್ಕೆ ಬಾಯಿ ಹರಿದು ಬರುವುದು ತಪ್ಪುತ್ತದೆ.

ಬ್ರೇಡ್ ಸುತ್ತುವಾಗ ರೀಲಿನ ಸ್ಪೂಲಿನ (ದಾರ ಸುತ್ತುವ ಉರುಳೆ) ತಳಕ್ಕೆ ಮೊದಲು ಒಂದಿಷ್ಟು ನೈಲಾನ್ ಸುತ್ತಿ. ಇಲ್ಲದಿದ್ದರೆ ಬ್ರೇಡ್ ಇಡೀ ಸ್ಪೂಲಿನ ಮೇಲೆ ಜಾರಿ ತಿರುಗುತ್ತದೆ, ಬಿಗಿ ನಿಲ್ಲುವುದಿಲ್ಲ. ತುದಿಯ ಭಾಗ ಸವೆದು ನಾರುನಾರಾದಾಗ ಲೈನನ್ನು ಎಸೆಯಬೇಡಿ. ಬೇರೆ ಸ್ಪೂಲಿಗೆ ತಿರುಗಿಸಿ ಸುತ್ತಿದರೆ ನೀರೇ ಕಾಣದ ಒಳಭಾಗ ಮೇಲೆ ಬರುತ್ತದೆ.