ಏಡಿ, ಸೀಗಡಿ ಅಂಚೆಚೀಟಿಗಳ ಜೋಡಣೆ: ದೇಶವಾರು, ನೆಲೆವಾರು, ವರ್ಗವಾರು

ಕಡಲಜೀವಿಗಳ ಅಂಚೆಚೀಟಿಗಳಿಂದ ಮೊದಲ ಆಲ್ಬಂ ತುಂಬುತ್ತಿದ್ದಂತೆ ಜೋಡಣೆಯ ಪ್ರಶ್ನೆ ಏಳುತ್ತದೆ. ದೇಶದ ಪ್ರಕಾರ ಇಡಬೇಕೋ, ಜೀವಿ ಬದುಕುವ ನೆಲೆಯ ಪ್ರಕಾರವೋ, ಪ್ರಾಣಿವರ್ಗದ ಪ್ರಕಾರವೋ? ಒಂದೇ ಸಂಗ್ರಹವನ್ನು ಮೂರೂ ಬಗೆಯಲ್ಲಿ ಜೋಡಿಸಿ ನೋಡಿದ ಮೇಲೆ ನಮ್ಮ ಒಲವು ಸ್ಪಷ್ಟ: ಏಡಿ, ಸೀಗಡಿ, ಲಾಬ್‌ಸ್ಟರ್‌ನಂಥ ಕಠಿಣಚರ್ಮಿಗಳಿಗೆ ವರ್ಗವಾರು ಜೋಡಣೆಯೇ ಒಗ್ಗುತ್ತದೆ.

ದೇಶವಾರು ಜೋಡಣೆ ಎಲ್ಲಕ್ಕಿಂತ ಸಲೀಸು. ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್, ಯಾವ ಕ್ಯಾಟಲಾಗ್ ತೆರೆದರೂ ಅನುಕ್ರಮ ಸಿದ್ಧವಿರುತ್ತದೆ. ಒಟ್ಟಿಗೆ ಹೊರಬಂದ ಚೀಟಿಗಳ ಸೆಟ್ ಒಡೆಯಬೇಕಿಲ್ಲ. ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ 1993ರಲ್ಲಿ ಹೊರತಂದ ತೆಂಗಿನ ಏಡಿಯ ನಾಲ್ಕು ಚೀಟಿಗಳು ಒಟ್ಟಿಗೇ ಉಳಿಯುತ್ತವೆ. ಆದರೆ ಸೆಟ್ ಪೂರ್ತಿ ಏಡಿಯೇ ಇರುವುದು ಅಪರೂಪ. ಸಾಮಾನ್ಯವಾಗಿ ಒಂದು ಏಡಿ, ಉಳಿದದ್ದು ಮೀನು, ಶಂಖ, ಹವಳ. ಹಾಗಾಗಿ ಪುಟ ತಿರುವಿದವರಿಗೆ ದೇಶಗಳು ಕಾಣುತ್ತವೆ, ಏಡಿಗಳು ಕಾಣುವುದಿಲ್ಲ. ಹೊಸದಾಗಿ ಬಂದ ಚೀಟಿಗಳನ್ನು ಸ್ಟಾಕ್‌ಬುಕ್‌ನಲ್ಲಿ ತಾತ್ಕಾಲಿಕವಾಗಿ ಇಡಲು ಈ ಕ್ರಮ ಸಾಕು. ಹೊಸ ಚೀಟಿ ಸೇರಿಸುವಾಗ ಒಂದು ಎಚ್ಚರಿಕೆ: ಪ್ರಾಣಿಚಿತ್ರದ ಚೀಟಿಗಳಲ್ಲಿ ಯಾವುದೋ ದೇಶದ ಹೆಸರಲ್ಲಿ ಅಕ್ರಮವಾಗಿ ಅಚ್ಚಾದ ಹಾಳೆಗಳ ಹಾವಳಿ ಹೆಚ್ಚು. 2002ರಿಂದೀಚಿನದಾದರೆ ಅಧಿಕೃತ ಚೀಟಿಗಳನ್ನು ಪಟ್ಟಿಮಾಡುವ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯೂಎನ್‌ಎಸ್ ದಾಖಲೆಯಲ್ಲಿ ಹುಡುಕಿ. ಎಲ್ಲ ದೇಶಗಳೂ ಅದರಲ್ಲಿ ಇಲ್ಲ, ಆದ್ದರಿಂದ ಅಲ್ಲಿ ಸಿಗದ ಮಾತ್ರಕ್ಕೆ ಅಕ್ರಮವೆನ್ನಲಾಗದು.

ನೆಲೆವಾರು ಜೋಡಣೆಯಲ್ಲಿ ಹವಳದಿಬ್ಬ, ಮ್ಯಾಂಗ್ರೋವ್, ಆಳಸಮುದ್ರ, ಧ್ರುವಸಾಗರ ಎಂದು ವಿಭಾಗಗಳು. ನೋಡಲು ಇದೇ ಅತಿ ಚೆಂದ. ಒಂದೇ ದಿಬ್ಬದ ಚಿತ್ರ ಹತ್ತಾರು ಚೀಟಿಗಳಿಗೆ ಹರಡಿಕೊಂಡ ಸೆ-ಟೆನೆಂಟ್ (ಬೇರೆ ಬೇರೆ ಚೀಟಿಗಳು ಒಂದಕ್ಕೊಂದು ಕೂಡಿಯೇ ಅಚ್ಚಾದ) ಹಾಳೆಗಳಿಗೆ ಬೇರೆ ಯಾವ ಕ್ರಮವೂ ನ್ಯಾಯ ಒದಗಿಸದು. ಅಂಥ ಹಾಳೆಯಿಂದ ಸೀಗಡಿಯ ಚೀಟಿಯೊಂದನ್ನೇ ಹರಿದು ತೆಗೆದರೆ ಚಿತ್ರವೂ ಹೋಯಿತು, ಬೆಲೆಯೂ ಹೋಯಿತು. ತೊಡಕು ಬರುವುದು ಎರಡು ನೆಲೆಯಲ್ಲಿ ಬದುಕುವ ಜೀವಿಗಳಿಂದ. ತೆಂಗಿನ ಏಡಿಯ ಮರಿ ಕಡಲಲ್ಲಿ ತೇಲುತ್ತದೆ, ಬೆಳೆದದ್ದು ನೆಲದ ಮೇಲೆ ಬದುಕುತ್ತದೆ.

ವರ್ಗವಾರು ಜೋಡಣೆಗೆ ಶ್ರಮ ಹೆಚ್ಚು, ಚೀಟಿಯನ್ನು ನಿಜವಾಗಿ ನೋಡುವಂತೆ ಮಾಡುವುದೂ ಇದೇ. 10 ಪಟ್ಟಿನ ಭೂತಗನ್ನಡಿ ಹಿಡಿದು ಮೊದಲು ಕಾಲು ಎಣಿಸಿ. ಚಿಮಟಾಗಾಲುಗಳನ್ನು ಬಿಟ್ಟು ನಾಲ್ಕು ಜೊತೆ ಕಾಲು ಕಂಡರೆ ಅದು ಬಹುತೇಕ ನಿಜವಾದ ಏಡಿ. ಮೂರೇ ಜೊತೆ ಕಂಡರೆ ಕಿಂಗ್ ಏಡಿ, ಪೋರ್ಸಲಿನ್ ಏಡಿ, ತೆಂಗಿನ ಏಡಿಗಳ ಗುಂಪು. ಸನ್ಯಾಸಿ ಏಡಿಯೂ ಇದಕ್ಕೇ ಸೇರಿದ್ದು. ಇವುಗಳ ಕೊನೆಯ ಜೊತೆ ತೀರಾ ಚಿಕ್ಕದು, ಹೊರಗೆ ಕಾಣುವುದಿಲ್ಲ. ಲಾಬ್‌ಸ್ಟರ್‌ಗೆ ದಪ್ಪ ಚಿಮಟಾ ಇಲ್ಲದೆ ಉದ್ದ ಮುಳ್ಳುಮೀಸೆ ಇದ್ದರೆ ಮುಳ್ಳು ಲಾಬ್‌ಸ್ಟರ್ ಪುಟಕ್ಕೆ ಕಳಿಸಿ. ಟ್ರಿಸ್ಟನ್ ಡ ಕೂನಾದ 1954ರ ಸರಣಿಯಲ್ಲಿರುವುದು ಇದೇ ಬಗೆ. ಕೆಂಪು-ಬಿಳಿ ಪಟ್ಟೆಯ ಸ್ಟೆನೊಪಸ್ ಎಂಬ ಸೀಗಡಿಯಂಥ ಜೀವಿಯಲ್ಲಿ ಮೂರನೆಯ ಜೊತೆ ಕಾಲಿನ ಚಿಮಟಾ ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಅದನ್ನು ಮಾಮೂಲಿ ಸೀಗಡಿಗಳ ಜೊತೆ ಬೆರೆಸಬಾರದು. ಸೀಗಡಿಯನ್ನೇ ಹೋಲುವ ಪುಟ್ಟ ಜೀವಿ ಕ್ರಿಲ್‌ಗೆ ಪ್ರತ್ಯೇಕ ಹಾಳೆ. ಹಾರ್ಸ್‌ಶೂ ಏಡಿ ಜೇಡ, ಚೇಳುಗಳ ನಂಟಿನದು, ಕಠಿಣಚರ್ಮಿಯೇ ಅಲ್ಲ. ಚಿಪ್ಪಿನೊಳಗೆ ಒಂದೇ ಕಡೆ ಅಂಟಿ ಬದುಕುವ ಬಾರ್ನಕಲ್ ಮಾತ್ರ ಕಠಿಣಚರ್ಮಿ ಹೌದು. ತಿಮಿಂಗಿಲದ ಚೀಟಿಗಳಲ್ಲಿ ಅದರ ಚರ್ಮಕ್ಕೆ ಅಂಟಿದ ಬಾರ್ನಕಲ್‌ಗಳನ್ನು ಹುಡುಕಿ ನೋಡಿ, ಸಂಗ್ರಹ ಅನಿರೀಕ್ಷಿತ ಕಡೆಯಿಂದ ಬೆಳೆಯುತ್ತದೆ.

ವೈಜ್ಞಾನಿಕ ಹೆಸರನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೀನಿಯಸ್ ವನ್ನಾಮೈ ಎಂಬ ಸೀಗಡಿ 1997ರಲ್ಲಿ ಲಿಟೊಪೀನಿಯಸ್ ಆಯಿತು, ಈಗ ಮತ್ತೆ ಪೀನಿಯಸ್‌ಗೆ ಮರಳಿದೆ. ಈಗಿನ ಹೆಸರಿಗೆ ಕಡಲಜೀವಿಗಳ ಜಾಗತಿಕ ನೋಂದಣಿಯಾದ ವರ್ಮ್ಸ್ ನೋಡಬಹುದು.

ಈ ಕ್ರಮದಲ್ಲಿ ಚೀಟಿಗಳು ಪದೇಪದೇ ಜಾಗ ಬದಲಿಸುತ್ತವೆ. ಆದ್ದರಿಂದ ಚೀಟಿಯ ಬೆನ್ನಿಗೆ ಅಂಟಿಸುವ ಕಾಗದದ ಸಣ್ಣ ಪಟ್ಟಿಯಾದ ಹಿಂಜ್ ಬೇಡ. ಪ್ರತಿ ಬಾರಿ ಕಿತ್ತಾಗಲೂ ಹಿಂದಿನ ಗೋಂದು ಹಾಳಾಗುತ್ತದೆ. ಚೀಟಿಯನ್ನು ಒಳಗಿಡುವ ಪ್ಲಾಸ್ಟಿಕ್ ಹೊದಿಕೆಯಾದ ಮೌಂಟ್ ಬಳಸಿ, ಅದು ಚೀಟಿಗಿಂತ ಎತ್ತರದಲ್ಲೂ ಅಗಲದಲ್ಲೂ ಸುಮಾರು 2 ಮಿ.ಮೀ. ಹೆಚ್ಚಿರಲಿ. ಪಿವಿಸಿ ಮೌಂಟ್ ತೆಗೆದುಕೊಳ್ಳಬೇಡಿ, ಅದರೊಳಗಿನ ಮೃದುಕಾರಕ ಹೊರಸೂಸಿ ಬಣ್ಣ ಕೆಡಿಸುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಸ್ಟೈರೀನ್ ಆಗಬಹುದು. ಮೌಂಟ್‌ನ ಹಿಂಬದಿಯ ಮೇಲಂಚನ್ನಷ್ಟೇ ಕುಂಚದಿಂದ ಒದ್ದೆ ಮಾಡಿ. ನೀರು ಹೆಚ್ಚಾದರೆ ಒಳಗೆ ಇಳಿದು ಗೋಂದಿರುವ ಬಳಸದ ಚೀಟಿ ಮೌಂಟ್‌ಗೇ ಅಂಟಿಬಿಡುತ್ತದೆ. ಬಿಳಿ ಅಂಚಿನ ಚೀಟಿಗೆ ಕಪ್ಪು ಹಿನ್ನೆಲೆ ಸೊಗಸು. ಅಂಚಿನವರೆಗೂ ಕಡುಬಣ್ಣ ತುಂಬಿದ ಆಳಸಮುದ್ರದ ಚೀಟಿಗಳಿಗೆ ಪಾರದರ್ಶಕ ಮೌಂಟೇ ಬೇಕು, ಇಲ್ಲದಿದ್ದರೆ ಅಂಚಿನ ಹಲ್ಲುಗಳು ಕಪ್ಪಿನಲ್ಲಿ ಕಾಣೆಯಾಗುತ್ತವೆ.

ಸೆಟ್ ಒಡೆಯುವುದು ಈ ಕ್ರಮದ ನಿಜವಾದ ಕೊರತೆ. ಪ್ರತಿ ಚೀಟಿಯ ಕೆಳಗೆ ದೇಶ, ವರ್ಷ, ಕ್ಯಾಟಲಾಗ್ ಸಂಖ್ಯೆ ಬರೆದರೆ ಸೆಟ್ಟನ್ನು ಯಾವಾಗ ಬೇಕಾದರೂ ಮತ್ತೆ ಕೂಡಿಸಬಹುದು. ಸೆ-ಟೆನೆಂಟ್ ಹಾಳೆಗಳನ್ನಂತೂ ಒಡೆಯಲೇಬೇಡಿ. ಅವನ್ನು ಇಡಿಯಾಗಿ ನೆಲೆವಾರು ವಿಭಾಗದಲ್ಲಿಟ್ಟು, ಆಯಾ ವರ್ಗದ ಪುಟದಲ್ಲಿ ಹಾಳೆಯ ಸಂಖ್ಯೆ ಬರೆದ ಚಿಕ್ಕ ಕಾರ್ಡ್ ಇಡಿ. ಕರ್ಕಾಟಕ ರಾಶಿಯ ಚೀಟಿಗಳಲ್ಲಿ ಏಡಿಯ ಜಾತಿ ಗುರುತಿಸುವಷ್ಟು ವಿವರ ಸಾಮಾನ್ಯವಾಗಿ ಇರುವುದಿಲ್ಲ. ಅವು ದೇಶವಾರು ಸ್ಟಾಕ್‌ಬುಕ್‌ನಲ್ಲೇ ಇರಲಿ.