ಬಾಯ್ಲರ್ ಬುಷ್‌ಗೆ ಕಂಚು ಅಂತ ಹೇಳಿ ಹಿತ್ತಾಳೆ ಕೊಟ್ಟರು, ನೀವು ಹುಷಾರು

ಮನೆಯಲ್ಲೇ ಲೇತ್ ಇಟ್ಟುಕೊಂಡು ಮಾಡೆಲ್ ಸ್ಟೀಮ್ ಬಾಯ್ಲರ್ ಮಾಡುವವರಿಗೆ ಈ ಮಾತು. ಬುಷ್‌ಗೆ (ವಾಲ್ವ್ ಕೂರಿಸಲು ಬಾಯ್ಲರಿಗೆ ಬೆಸೆಯುವ, ಒಳಗೆ ಥ್ರೆಡ್ ಇರುವ ಬಳೆ) ಅಂತ ತಂದ ರಾಡ್ ನಿಜವಾಗಲೂ ಕಂಚೋ ಅಲ್ಲವೋ ಅಂತ ನೀವೇ ನೋಡಿಕೊಳ್ಳಿ. ರಾಡಿನ ಮೇಲಿನ ಚೀಟಿ, ಬಿಲ್ಲು, ಮಾರುವವರ ಬಾಯಿಮಾತು ಯಾವುದನ್ನೂ ನಂಬಬೇಡಿ. ನನ್ನ ಒಂದು ಬಾಯ್ಲರ್ ಇದರಿಂದಲೇ ಗುಜರಿಗೆ ಹೋಯಿತು.

ತಾಮ್ರದ ಬಾಯ್ಲರ್, ಕೆಲಸದ ಒತ್ತಡ 4 ಬಾರ್. ಸೇಫ್ಟಿ ವಾಲ್ವ್, ವಾಟರ್ ಗೇಜ್, ನೀರು ಹೋಗುವ ಚೆಕ್ ವಾಲ್ವ್ ಎಲ್ಲ ಕೂರುವ ಬುಷ್‌ಗಳಿಗೆ ಫಾಸ್ಫರ್ ಬ್ರಾಂಜ್ ಅನ್ನುವ ಕಂಚಿನ ರಾಡ್ ಕೇಳಿ ತರಿಸಿದ್ದೆ. ಚೀಟಿಯಲ್ಲೂ ಅದೇ ಹೆಸರು, ಬಿಲ್ಲಿನಲ್ಲೂ ಅದೇ. ಲೇತಿಗೆ ಹಾಕಿದರೆ ಬೆಣ್ಣೆ ಕತ್ತರಿಸಿದ ಹಾಗೆ ಹೋಯಿತು, ಥ್ರೆಡ್ ಕೊರೆಯುವ ಟ್ಯಾಪ್ ಸಲೀಸಾಗಿ ಇಳಿಯಿತು, ಬೆಳ್ಳಿ ಬೆಸುಗೆಯೂ ಸುತ್ತ ನೀಟಾಗಿ ಹರಿಯಿತು. ತಣ್ಣೀರು ತುಂಬಿ 8 ಬಾರ್ ತನಕ ಪಂಪ್ ಮಾಡಿದೆ. ಒಂದು ಹನಿ ಸೋರಲಿಲ್ಲ.

ಸೋರುವುದೂ ಇಲ್ಲ ಬಿಡಿ. ಹೊಸ ಹಿತ್ತಾಳೆ ಗಟ್ಟಿಯಾಗೇ ಇರುತ್ತದೆ, ಎರಡು ಪಟ್ಟು ಒತ್ತಡದ ನೀರಿನ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ. ಬೆಸುಗೆ ಸರಿ ಇದೆಯಾ ಅಂತ ಆ ಪರೀಕ್ಷೆ ಹೇಳುತ್ತದೆ, ಲೋಹ ಯಾವುದು ಅಂತ ಹೇಳುವುದಿಲ್ಲ.

ಗೊತ್ತಾಗಿದ್ದು ಆಮೇಲೆ, ಬಾಯ್ಲರ್ ಸಾಕಷ್ಟು ಸಲ ಓಡಿದ ಮೇಲೆ. ಕ್ಲೀನ್ ಮಾಡೋಣ ಅಂತ ಸೇಫ್ಟಿ ವಾಲ್ವಿಗೆ ಸ್ಪ್ಯಾನರ್ ಹಾಕಿದರೆ ಅದು ಬಿಗಿಯೇ ಇಲ್ಲದೆ ತಿರುಗಿತು, ಜೊತೆಗೆ ಬುಷ್‌ನ ಥ್ರೆಡ್ಡೂ ಪುಡಿಯಾಗಿ ಹೊರಗೆ ಬಂತು. ಒಳಗೆ ಟಾರ್ಚ್ ಬಿಟ್ಟು ನೋಡಿದೆ. ಹಳದಿ ಎಲ್ಲೂ ಇಲ್ಲ, ಪೂರ್ತಿ ಮಂಕು ಗುಲಾಬಿ ಬಣ್ಣ. ಸ್ಕ್ರೈಬರ್ ಮೊನೆಯಿಂದ ಕೆರೆದರೆ ಸುಣ್ಣದ ಗೋಡೆ ಉದುರಿದಂತೆ ಉದುರುತ್ತಿತ್ತು. 4 ಬಾರ್ ಹಬೆ ಅಂದರೆ ಸುಮಾರು 152 ಡಿಗ್ರಿ ಸೆಲ್ಸಿಯಸ್. ಬೆಂಕಿ ಉರಿಯುವಾಗ, ಮುಖ ಹತ್ತಿರ ಇಟ್ಟುಕೊಂಡು ಗೇಜ್ ನೋಡುವಾಗ ಆ ವಾಲ್ವ್ ಹಾರಿದ್ದರೆ ಈ ಬರಹ ಬೇರೆ ಯಾರಾದರೂ ಬರೆಯಬೇಕಿತ್ತು.

ಆಗುವುದು ಇಷ್ಟೇ. ಲೇತ್ ಕೆಲಸಕ್ಕೆ ಮಾರುವ ಹಿತ್ತಾಳೆಯಲ್ಲಿ ಸುಮಾರು 40 ಶೇಕಡಾ ಸತು ಇರುತ್ತದೆ. ಬಿಸಿನೀರಿನ ಜೊತೆ ಸದಾ ಇದ್ದರೆ ಆ ಸತು ನಿಧಾನಕ್ಕೆ ಕರಗಿ ಹೋಗುತ್ತದೆ, ತೂತು ತೂತಾದ ತಾಮ್ರ ಮಾತ್ರ ಉಳಿಯುತ್ತದೆ. ಆಕಾರ ಹಾಗೇ ಇರುತ್ತದೆ, ಅಳತೆಯೂ ಬದಲಾಗುವುದಿಲ್ಲ, ಶಕ್ತಿ ಮಾತ್ರ ಇರುವುದಿಲ್ಲ. ಫಾಸ್ಫರ್ ಬ್ರಾಂಜ್ ಅಂದರೆ ತಾಮ್ರ ಮತ್ತು ತವರ, ಅದಕ್ಕೆ ಈ ಕಾಟ ಇಲ್ಲ. ಗನ್ ಮೆಟಲ್‌ನಲ್ಲಿ (ಇದೂ ಒಂದು ಬಗೆಯ ಕಂಚು) 5 ಶೇಕಡಾದಷ್ಟು ಸತು ಇದ್ದರೂ ತೊಂದರೆ ಇಲ್ಲ.

ಒಂದು ಬುಷ್ ಬದಲಾಯಿಸಿದರೆ ಆಯ್ತಲ್ವಾ ಅಂತ ಕೇಳಬಹುದು. ತಾಮ್ರ ಬಿಸಿಯನ್ನು ಒಂದು ಕಡೆ ನಿಲ್ಲಿಸಿಕೊಳ್ಳುವುದಿಲ್ಲ, ಒಂದು ಬುಷ್ ಬಿಚ್ಚಲು ಇಡೀ ಬಾಯ್ಲರನ್ನೇ 650 ಡಿಗ್ರಿ ಹತ್ತಿರ ಕಾಯಿಸಬೇಕು, ಅಷ್ಟರಲ್ಲಿ ಪಕ್ಕದ ಬೆಸುಗೆಗಳೂ ಕರಗಲು ಶುರುವಾಗುತ್ತವೆ. ನನ್ನದರಲ್ಲಂತೂ ಎಲ್ಲ ಬುಷ್‌ಗಳೂ ಅದೇ ರಾಡಿನಿಂದ ಬಂದವು.

ಉಳಿದ ತುಂಡನ್ನು ಲೋಹ ಪರೀಕ್ಷೆ ಮಾಡುವ ಲ್ಯಾಬಿಗೆ ಕೊಟ್ಟೆ. ಸತು 39 ಶೇಕಡಾ, ಸ್ವಲ್ಪ ಸೀಸ, ತವರ ಹೆಸರಿಗೂ ಇಲ್ಲ. ಮಾರಿದವರನ್ನು ಕೇಳಿದರೆ "ಇದನ್ನೂ ಬ್ರಾಂಜ್ ಅಂತಲೇ ಕರೀತಾರೆ ಸಾರ್" ಅಂದರು! ಸಿಟ್ಟು ಬಂದರೂ ಅದರಲ್ಲಿ ಅರ್ಧ ನಿಜ ಇದೆ. ಮ್ಯಾಂಗನೀಸ್ ಬ್ರಾಂಜ್, ಆರ್ಕಿಟೆಕ್ಚರಲ್ ಬ್ರಾಂಜ್ ಅಂತ ಮಾರುವ ಸರಕು ಹೆಸರಿಗೆ ಬ್ರಾಂಜ್, ಒಳಗೆ ಹಿತ್ತಾಳೆ. ಆದರೆ ನಾನು ಕೇಳಿದ್ದು, ಬಿಲ್ಲಿನಲ್ಲಿ ಇದ್ದದ್ದು ಫಾಸ್ಫರ್ ಬ್ರಾಂಜ್. ದುಡ್ಡು ವಾಪಸ್ ಬರಲಿಲ್ಲ.

ಈಗ ನಾನು ಮೊದಲು ಮಾಡುವುದು ತೂಕ. ರಾಡಿನ ಎರಡೂ ತುದಿ ಸಮ ಮಾಡಿ, ಕ್ಯಾಲಿಪರ್‌ನಲ್ಲಿ ಅಳೆದು, ತಕ್ಕಡಿಗೆ ಇಡಿ. 25 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ತುಂಡು ಹಿತ್ತಾಳೆಯಾದರೆ ಸುಮಾರು 416 ಗ್ರಾಂ, ಫಾಸ್ಫರ್ ಬ್ರಾಂಜ್ ಆದರೆ 432 ಗ್ರಾಂ ಅಥವಾ ಸ್ವಲ್ಪ ಜಾಸ್ತಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಗೂ ಈ ವ್ಯತ್ಯಾಸ ಸಿಗುತ್ತದೆ. ಆಮೇಲೆ ಲೇತಿನಲ್ಲಿ ಗಮನಿಸಿ. ಹಿತ್ತಾಳೆ ಚಿಕ್ಕ ಚಿಕ್ಕ ಚೂರಾಗಿ ಸಿಡಿಯುತ್ತದೆ. ಫಾಸ್ಫರ್ ಬ್ರಾಂಜ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಡ್ರಿಲ್ ಕಿರುಗುಟ್ಟುತ್ತದೆ, ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಟ್ಯಾಪ್ ಮುರಿಯುವ ಭಯ ಇದ್ದೇ ಇರುತ್ತದೆ. ಗನ್ ಮೆಟಲ್ ಮಾತ್ರ ಸೀಸ ಇರುವುದರಿಂದ ಚೂರಾಗಿಯೇ ಬರುತ್ತದೆ, ಅದಕ್ಕೆ ತೂಕವನ್ನೇ ನೆಚ್ಚಿಕೊಳ್ಳಿ. ಬಣ್ಣ ನೋಡುವುದಾದರೆ ಆಗತಾನೇ ಕತ್ತರಿಸಿದ ಮುಖವನ್ನು ನೋಡಿ. ಬೆಸುಗೆ ಆದ ಮೇಲೆ ಆಸಿಡ್‌ನಲ್ಲಿ ಅದ್ದಿ ತೆಗೆದರೆ ಹಿತ್ತಾಳೆಯೂ ಗುಲಾಬಿ ಬಣ್ಣಕ್ಕೆ ತಿರುಗಿ ಕಂಚಿನಂತೆಯೇ ಕಾಣುತ್ತದೆ.

ಶಿಳ್ಳೆ, ಹಿಡಿ ಇಂಥವಕ್ಕೆ ಹಿತ್ತಾಳೆ ಹಾಕಿ, ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ಬಾಯ್ಲರಿಗೆ ಬೆಸೆದು ಕೂರಿಸುವ ಯಾವುದಕ್ಕೂ ಬೇಡ. ಈಗಾಗಲೇ ಓಡುತ್ತಿರುವ ಬಾಯ್ಲರ್ ಇದ್ದರೆ, ಅದು ಪೂರ್ತಿ ತಣ್ಣಗಾಗಿ ಒತ್ತಡ ಇಳಿದ ಮೇಲೆ, ವಾಲ್ವುಗಳನ್ನು ಬಿಚ್ಚಿ ಪ್ರತಿ ಬುಷ್‌ನ ಥ್ರೆಡ್ಡನ್ನು ಮೊನೆಯಿಂದ ಕೆರೆದು ನೋಡಿ. ಗುಲಾಬಿ ಪುಡಿ ಉದುರಿದರೆ ಅದಕ್ಕೆ ಮತ್ತೆ ಬೆಂಕಿ ಹಾಕಬೇಡಿ.